ಮುಂಬೈನಲ್ಲಿ ರೂಮ್ ಹುಡುಕುವ ಮುನ್ನ ರೈಲಿನ ನಕ್ಷೆ ಬಿಡಿಸಿ

ನಾಲ್ಕು ವರ್ಷದ ಹಿಂದೆ ಮುಂಬೈನಲ್ಲಿ ಮೂರು ರಾತ್ರಿಗೆ ಒಂದು ರೂಮ್ ಬುಕ್ ಮಾಡಿದ್ದೆ. ವಿಳಾಸದಲ್ಲಿ ‘ಅಂಧೇರಿ ಈಸ್ಟ್’ ಅಂತ ಇತ್ತು. ಅಂಧೇರಿ ದೊಡ್ಡ ಸ್ಟೇಷನ್, ಸಣ್ಣ ಸ್ಟೇಷನ್‌ಗಳನ್ನು ಬಿಟ್ಟು ಓಡುವ ಫಾಸ್ಟ್ ಲೋಕಲ್ ರೈಲೂ ನಿಲ್ಲುತ್ತದೆ, ಏರ್‌ಪೋರ್ಟೂ ಹತ್ತಿರ. ಫೋಟೋದಲ್ಲಿ ಬೆಡ್‌ಶೀಟ್ ಬೆಳ್ಳಗೆ ಹೊಳೆಯುತ್ತಿತ್ತು. ದಾದರ್‌ಗೆ ಹೋಲಿಸಿದರೆ ದಿನಕ್ಕೆ 600 ರೂಪಾಯಿ ಕಡಿಮೆ ಬೇರೆ. ಇನ್ನೇನು ಬೇಕು ಅಂದುಕೊಂಡೆ.

ಹೋಗಿ ನೋಡಿದರೆ ಹೋಟೆಲಿನಿಂದ ಸ್ಟೇಷನ್‌ಗೆ ನಾಲ್ಕೂವರೆ ಕಿಲೋಮೀಟರ್. ಬೆಳಗ್ಗೆ ಒಂಬತ್ತಕ್ಕೆ ಆಟೋ ಹತ್ತಿದರೆ ಇಳಿಯುವಾಗ ಒಂಬತ್ತೂ ಮುಕ್ಕಾಲು. ಅದಾದ ಮೇಲೆ ಊರಿನ ದಕ್ಷಿಣ ತುದಿಯ ಚರ್ಚ್‌ಗೇಟ್ ಕಡೆ ಹೋಗುವ ಲೋಕಲ್. ಆ ಹೊತ್ತಿನಲ್ಲಿ ಅದರೊಳಗೆ ನಾವು ಹತ್ತುವುದಿಲ್ಲ, ಹಿಂದಿನವರು ತಳ್ಳಿ ತುಂಬಿಸುತ್ತಾರೆ. ಮೂರು ದಿನಕ್ಕೆ ಉಳಿಸಿದ್ದು 1800 ರೂಪಾಯಿ. ಆಟೋಗೆ ಸುರಿದದ್ದು, ಒಂದು ರಾತ್ರಿ ತಡವಾಗಿ ಟ್ಯಾಕ್ಸಿಗೆ ಕೊಟ್ಟದ್ದು ಸೇರಿದರೆ ಅದಕ್ಕಿಂತ ಜಾಸ್ತಿಯೇ ಆಗಿತ್ತು. ತಪ್ಪು ಹೋಟೆಲಿನದಲ್ಲ. ಅವರು ವಿಳಾಸವನ್ನು ಸರಿಯಾಗಿಯೇ ಹಾಕಿದ್ದರು, ಓದಲು ಬಾರದವನು ನಾನು.

ಅಂದಹಾಗೆ, ನಮ್ಮ ಮಾತಿನಲ್ಲಿ ಹೋಟೆಲ್ ಅಂದರೆ ದೋಸೆ ತಿನ್ನುವ ಜಾಗ. ಇಲ್ಲಿ ಹೇಳುತ್ತಿರುವುದು ಉಳಿಯುವ ಹೋಟೆಲಿನ ಬಗ್ಗೆ. ಹದಿನೈದು ಇಪ್ಪತ್ತು ರೂಮಿನ, ಲಿಫ್ಟ್ ಇದ್ದರೂ ಇರಬಹುದು ಇಲ್ಲದಿದ್ದರೂ ಇಲ್ಲ ಎನ್ನುವಂಥ ಸಣ್ಣ ಹೋಟೆಲುಗಳು.

ಮೊದಲು ಒಂದು ಕಾಗದ ತೆಗೆದುಕೊಳ್ಳಿ

ಬುಕಿಂಗ್ ಆ್ಯಪ್ ಆಮೇಲೆ ತೆರೆಯಿರಿ. ಮೊದಲು ಕಾಗದದ ಮೇಲೆ ಎಲ್ಲೆಲ್ಲಿ ಹೋಗಬೇಕು ಅಂತ ಬರೆಯಿರಿ. ಪ್ರತಿಯೊಂದರ ಮುಂದೆ ಹತ್ತಿರದ ಸ್ಟೇಷನ್ನು, ಅದರ ಮುಂದೆ ಅದು ಯಾವ ಲೈನ್ ಅಂತ ಬರೆಯಿರಿ. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್, ಮೆಟ್ರೋ, ಇಷ್ಟೇ.

ಮುಂಬೈಗೆ ಈ ಲೆಕ್ಕ ಏಕೆ ಅಂದರೆ, ಅದು ಮೈಸೂರಿನ ಹಾಗೆ ನಡುವೆ ಅರಮನೆ ಇಟ್ಟುಕೊಂಡು ಸುತ್ತ ಹರಡಿದ ಊರಲ್ಲ. ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಓಡಿದ್ದು ಅಲ್ಲೇ, ಬೋರಿ ಬಂದರ್‌ನಿಂದ ಠಾಣೆಗೆ, 34 ಕಿಲೋಮೀಟರ್. ಆಮೇಲೆ ಊರು ಹಳಿಯ ಗುಂಟ ಉತ್ತರಕ್ಕೆ ಉದ್ದುದ್ದ ಬೆಳೆಯಿತು. ಹಾಗಾಗಿ ಅಲ್ಲಿಯವರು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ‘ಬೋರಿವಲಿ ಎಷ್ಟು ದೂರ?’ ಅಂದರೆ ‘ಫಾಸ್ಟ್ ಸಿಕ್ಕರೆ ಐವತ್ತು ಐವತ್ತೈದು ನಿಮಿಷ’ ಅನ್ನುತ್ತಾರೆ.

ಕಳೆದ ಸಲ ನಾವು ನಾಲ್ಕು ಜನ ಹೋದಾಗ ಬರೆದ ಚೀಟಿ ಹೀಗಿತ್ತು. ಗೇಟ್‌ವೇ ಆಫ್ ಇಂಡಿಯಾ ಮತ್ತು ಮ್ಯೂಸಿಯಂ: ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಅಥವಾ ಚರ್ಚ್‌ಗೇಟ್. ಸಿದ್ಧಿವಿನಾಯಕ: ದಾದರ್. ಚಿಕ್ಕಮ್ಮನ ಮನೆ: ಮುಲುಂಡ್, ಸೆಂಟ್ರಲ್ ಲೈನ್. ಕಾನ್ಹೇರಿ ಗುಹೆ: ಬೋರಿವಲಿ, ವೆಸ್ಟರ್ನ್ ಲೈನ್.

ಬರೆದು ಮುಗಿಸಿದಾಗಲೇ ಉತ್ತರ ಕಾಣಿಸಿತು. ವೆಸ್ಟರ್ನ್, ಸೆಂಟ್ರಲ್ ಎರಡೂ ಬೇಕು. ಎರಡರ ಫಾಸ್ಟ್ ಗಾಡಿಗಳೂ ನಿಲ್ಲುವ, ಒಂದರಿಂದ ಇಳಿದು ಸೇತುವೆ ಹತ್ತಿ ಇನ್ನೊಂದಕ್ಕೆ ಹೋಗಬಹುದಾದ ಜಾಗ ದಾದರ್. ಚಿಕ್ಕಮ್ಮ, ಕಾನ್ಹೇರಿ ಎರಡೂ ಇಲ್ಲದಿದ್ದರೆ ಸಿಎಸ್‌ಎಂಟಿ ಪಕ್ಕದ ಫೋರ್ಟ್ ಏರಿಯಾದಲ್ಲೇ ರೂಮ್ ಮಾಡಿ ಮೂರು ದಿನವೂ ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದೆವು.

ಇನ್ನೊಂದು ವಿಷಯ ಚೀಟಿಯಲ್ಲಿ ಕಾಣುವುದಿಲ್ಲ, ಆದರೆ ತುಂಬಾ ಮುಖ್ಯ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಇಡೀ ಮುಂಬೈ ದಕ್ಷಿಣಕ್ಕೆ ಹರಿಯುತ್ತದೆ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ವಾಪಸ್. ನೀವು ದಕ್ಷಿಣದಲ್ಲಿ ಉಳಿದು ಬೆಳಗ್ಗೆ ಉತ್ತರಕ್ಕೆ ಹೊರಟರೆ ಜನಪ್ರವಾಹಕ್ಕೆ ಎದುರಾಗಿ ಹೋಗುತ್ತೀರಿ. ಎಷ್ಟೋ ಸಲ ಕೂರಲು ಸೀಟೂ ಸಿಗುತ್ತದೆ. ಉತ್ತರದಲ್ಲಿ ಉಳಿದವರಿಗೆ ಎರಡು ಹೊತ್ತೂ ಆ ನೂಕುನುಗ್ಗಲೇ ಗತಿ. ಅಂಧೇರಿಯಲ್ಲಿ ನನಗೆ ಆಗಿದ್ದು ಅದೇ.

ಈಸ್ಟೋ ವೆಸ್ಟೋ?

ಮುಂಬೈನ ವಿಳಾಸದಲ್ಲಿ ಈಸ್ಟ್, ವೆಸ್ಟ್ ಅನ್ನುವುದು ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಹಳಿಯ ಯಾವ ಬದಿ ಅಂತ ಅರ್ಥ. ಆ್ಯಪ್‌ನಲ್ಲಿ ‘ಸ್ಟೇಷನ್‌ಗೆ 300 ಮೀಟರ್’ ಅಂತ ಇದ್ದರೆ ಹಿಗ್ಗಬೇಡಿ. ಎಷ್ಟೋ ಸಲ ಅದು ಹಕ್ಕಿ ಹಾರುವ ಲೆಕ್ಕ. ನಡುವೆ ಎಂಟು ಹತ್ತು ಹಳಿ ಇರಬಹುದು. ನೀವು ಹಕ್ಕಿಯಲ್ಲ, ಕೈಯಲ್ಲಿ ಎರಡು ಸೂಟ್‌ಕೇಸ್ ಹಿಡಿದವರು. ಸೇತುವೆ ಹತ್ತಬೇಕು, ಇಳಿಯಬೇಕು, ಎದುರು ಬರುವವರ ಬೈಗುಳ ತಿನ್ನಬೇಕು.

ಆದ್ದರಿಂದ ಹೋಟೆಲಿನ ಹೆಸರು ಗೂಗಲ್ ಮ್ಯಾಪಿಗೆ ಹಾಕಿ, ಅಲ್ಲಿಂದ ಸ್ಟೇಷನ್ನಿಗೆ ‘ನಡಿಗೆ’ ಅಂತ ಆರಿಸಿ ನಿಮಿಷ ನೋಡಿ. ಹತ್ತು ನಿಮಿಷದೊಳಗಿದ್ದರೆ ಚೆನ್ನ. ಹದಿನೈದು ದಾಟಿದರೆ ದಿನಾ ಟ್ಯಾಕ್ಸಿ ಹಿಡಿಯುತ್ತೀರಿ, ನಡೆಯುತ್ತೇನೆ ಅಂತ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ಆಮೇಲೆ ಸ್ಟ್ರೀಟ್ ವ್ಯೂ ತೆರೆದು ಆ ದಾರಿಯಲ್ಲಿ ಬೆರಳಿನಿಂದಲೇ ಒಮ್ಮೆ ನಡೆದುಬಿಡಿ. ಫುಟ್‌ಪಾತ್ ಇದೆಯಾ? ಹೋಟೆಲ್ ಫ್ಲೈಓವರಿನ ಮಗ್ಗುಲಿಗೇ ಇದೆಯಾ? ಕೆಳಗೆ ಬಾರ್ ಇದೆಯಾ? ಇದಕ್ಕೆ ಐದು ನಿಮಿಷ ಸಾಕು.

ದಾದರ್‌ನಲ್ಲಿ ಈ ಈಸ್ಟ್ ವೆಸ್ಟ್ ಗೊಂದಲ ಇನ್ನೂ ಜಾಸ್ತಿ. ವೆಸ್ಟ್ ಬದಿಗೆ ವೆಸ್ಟರ್ನ್ ರೈಲ್ವೆ, ಈಸ್ಟ್ ಬದಿಗೆ ಸೆಂಟ್ರಲ್. ಮೊದಲು ಎರಡಕ್ಕೂ ಪ್ರತ್ಯೇಕವಾಗಿ ಒಂದನೇ ಪ್ಲಾಟ್‌ಫಾರಂ ಇತ್ತು, ಊರಿಗೆ ಹೊಸಬರು ತಪ್ಪು ಕಡೆ ನಿಂತು ರೈಲು ತಪ್ಪಿಸಿಕೊಳ್ಳುತ್ತಿದ್ದರು. 2023ರ ಡಿಸೆಂಬರಿನಿಂದ ಸಾಲಾಗಿ ನಂಬರ್ ಕೊಟ್ಟಿದ್ದಾರೆ. 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್.

ಯಾವ ಏರಿಯಾ?

ಇಲ್ಲಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಿಂದ ಹೋಗುವವರಿಗೆ, ಅದೂ ಮನೆಮಂದಿಯ ಜೊತೆ ಹೋಗುವವರಿಗೆ, ದಾದರ್ ಈಸ್ಟ್ ಒಳ್ಳೆಯದು. ಮೈಸೂರಿನ ಶರಾವತಿ ಎಕ್ಸ್‌ಪ್ರೆಸ್ ದಾದರ್‌ನಲ್ಲೇ ಕೊನೆಯಾಗುತ್ತದೆ. ಹುಬ್ಬಳ್ಳಿ ಕಡೆಯವರಿಗೆ ಚಾಲುಕ್ಯವೂ ಅಷ್ಟೇ. ಇಳಿದು ನಡೆದರೆ ಹೋಟೆಲ್. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ ಕಡೆಯ ರಸ್ತೆಗಳಲ್ಲಿ ಮರಗಳಿವೆ, ರಾತ್ರಿ ಹೆಂಗಸರು ಮಕ್ಕಳು ಆರಾಮಾಗಿ ಓಡಾಡುತ್ತಾರೆ. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಚಿಕಿತ್ಸೆಗೆ ಬರುವವರಿಗೂ ಇದೇ ಅನುಕೂಲ, ಅಲ್ಲಿಗೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತು ಅಷ್ಟೇ.

ದಾದರ್ ವೆಸ್ಟ್ ಬೇಡ ಅಂತಲ್ಲ. ಶಿವಾಜಿ ಪಾರ್ಕ್ ಅಲ್ಲೇ ಇದೆ, ಸಮುದ್ರವೂ ಹತ್ತಿರ. ಆದರೆ ಸ್ಟೇಷನ್ನಿಗೆ ಅಂಟಿಕೊಂಡ ಬೀದಿಗಳಲ್ಲಿ ರೂಮ್ ಮಾಡುವ ಮುನ್ನ ಯೋಚಿಸಿ. ಅಲ್ಲಿನ ಹೂವಿನ ಮಾರುಕಟ್ಟೆ ನಸುಕಿನಲ್ಲಿ ನಾಲ್ಕಕ್ಕೇ ಎದ್ದು ಕೂರುತ್ತದೆ. ಚೆಂಡು ಹೂವಿನ ಮೂಟೆ ಧೊಪ್ಪೆಂದು ಬೀಳುವ ಸದ್ದು, ‘ಬಾಜೂ, ಬಾಜೂ’ ಅನ್ನುವ ಹಮಾಲರ ಕೂಗು. ನೋಡಲು ಚೆಂದ. ಅದರ ಮೇಲಿನ ರೂಮಿನಲ್ಲಿ ಮಲಗಿದವರಿಗೆ ಅಷ್ಟು ಚೆಂದ ಅಲ್ಲ.

ಒಂದು ಸ್ಟೇಷನ್ ಮುಂದಿನ ಮಾಟುಂಗಾ ನಮ್ಮವರ ಹಳೇ ಊರು. ಮೈಸೂರು ಅಸೋಸಿಯೇಷನ್ ಇರುವುದು ಅಲ್ಲೇ, 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಊಟದ ಮನೆ ಇರುವುದೂ ಅಲ್ಲೇ. ಸುತ್ತ ಮೂರು ಸ್ಟೇಷನ್: ಸೆಂಟ್ರಲ್ ಲೈನಿನ ಮಾಟುಂಗಾ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್, ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್. ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ. ತೊಡಕು ಎರಡು. ಜನ ವಾಸಿಸುವ ಬಡಾವಣೆ ಆದ್ದರಿಂದ ಉಳಿಯುವ ಹೋಟೆಲುಗಳು ಕಡಿಮೆ. ಮತ್ತೆ ಅಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ. ಸಿಕ್ಕರೆ ಬಿಡಬೇಡಿ, ಸಿಗದಿದ್ದರೆ ಕೊರಗಬೇಡಿ.

ಫೋರ್ಟ್, ಸಿಎಸ್‌ಎಂಟಿ ಕಡೆ ಮೊದಲ ಸಲ ಊರು ನೋಡಲು ಬಂದವರಿಗೆ ಸರಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಲ್ಲುವುದು ಸಿಎಸ್‌ಎಂಟಿಗೆ. ಯುನೆಸ್ಕೊ ಪಟ್ಟಿಗೆ 2004ರಲ್ಲಿ ಸೇರಿದ ಆ ಕಟ್ಟಡವೇ ಒಂದು ನೋಡುವ ಜಾಗ, ರಾತ್ರಿ ದೀಪ ಹಾಕಿದಾಗಂತೂ ಎದುರಿನ ಫುಟ್‌ಪಾತಿನಲ್ಲಿ ನಿಂತವರು ಕದಲುವುದಿಲ್ಲ. ಅಲ್ಲಿಂದ ಗೇಟ್‌ವೇಗೆ ಅರ್ಧ ಗಂಟೆ ನಡಿಗೆ, ದಾರಿಯುದ್ದಕ್ಕೂ ನೋಡುವುದೇ. ಆದರೆ ಇದು ಆಫೀಸುಗಳ ಏರಿಯಾ. ಸಂಜೆ ಏಳಾದರೆ ಬೀದಿ ಖಾಲಿ. ಭಾನುವಾರ ಎಷ್ಟೋ ಖಾನಾವಳಿಗಳು ಬಾಗಿಲು ಹಾಕಿರುತ್ತವೆ, ಮಕ್ಕಳಿಗೆ ಇಡ್ಲಿ ಹುಡುಕಲು ಅರ್ಧ ಊರು ಸುತ್ತಬೇಕು. ಇಲ್ಲಿನ ಸಣ್ಣ ಹೋಟೆಲುಗಳು ಹಳೇ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಹಡಿಯಲ್ಲಿರುವುದು ಮಾಮೂಲು. ಮರದ ಮೆಟ್ಟಿಲು, ಲಿಫ್ಟ್ ಇದ್ದರೂ ಬೋನಿನಂಥದ್ದು. ಮಂಡಿನೋವಿನವರು ಜೊತೆಗಿದ್ದರೆ ಇದನ್ನು ಕೇಳದೆ ಬುಕ್ ಮಾಡಬೇಡಿ. ಕೊಲಾಬಾ ಇನ್ನೂ ಚೆನ್ನ, ಇನ್ನೂ ದುಬಾರಿ.

ಏರ್‌ಪೋರ್ಟ್ ಹತ್ತಿರ ಉಳಿಯುವುದಕ್ಕೆ ಮೊದಲು ಒಂದು ಕಾರಣ ಇತ್ತು: ಬೆಳಗಿನ ಜಾವದ ವಿಮಾನ. ಈಗಲೂ ಅದೊಂದೇ ಕಾರಣ. ಏಕೆಂದರೆ ಮೆಟ್ರೋ 3, ಅಂದರೆ ಆಕ್ವಾ ಲೈನ್, 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. 33.5 ಕಿಲೋಮೀಟರ್, 27 ಸ್ಟೇಷನ್, ಹೆಚ್ಚು ಕಡಿಮೆ ಎಲ್ಲವೂ ನೆಲದಡಿ. ಏರ್‌ಪೋರ್ಟಿನ ಎರಡು ಟರ್ಮಿನಲ್‌ಗೂ ಸ್ಟೇಷನ್ ಇದೆ. ಅಲ್ಲಿಂದ ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಒಂದೇ ಗಾಡಿ. ಈ ತುದಿಯಿಂದ ಆ ತುದಿಗೆ ಹೋದರೂ ಟಿಕೆಟ್ 70 ರೂಪಾಯಿ. ಅಮೆರಿಕ ವೀಸಾ ಕೆಲಸಕ್ಕೆ ಬಿಕೆಸಿಗೆ ಹೋಗುವವರು ಇನ್ನು ಅಲ್ಲಿನ ದುಬಾರಿ ಹೋಟೆಲುಗಳ ಬಾಗಿಲು ಕಾಯಬೇಕಿಲ್ಲ, ದಾದರ್‌ನಿಂದ ಮೂರನೇ ಸ್ಟೇಷನ್. ಒಂದು ಎಚ್ಚರ: ದಾದರ್ ಮೆಟ್ರೋ ಇರುವುದು ವೆಸ್ಟ್ ಬದಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡಿಲ್ಲ. ಈಸ್ಟ್‌ನಲ್ಲಿ ಉಳಿದವರು ಸೇತುವೆ ದಾಟಿ ನಡೆಯಬೇಕು. ಮತ್ತೆ ಮೆಟ್ರೋ ರಾತ್ರಿ ಹತ್ತೂವರೆ ಸುಮಾರಿಗೆ ಮಲಗುತ್ತದೆ. ಲೋಕಲ್ ರಾತ್ರಿ ಒಂದು ಗಂಟೆಯವರೆಗೂ ಎದ್ದಿರುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದು ನಿಲ್ಲುವ ಎಲ್‌ಟಿಟಿ (ಲೋಕಮಾನ್ಯ ತಿಲಕ್ ಟರ್ಮಿನಸ್) ಸ್ಟೇಷನ್ನನ್ನು ಎಲ್ಲರೂ ಕುರ್ಲಾ ಅನ್ನುತ್ತಾರೆ, ಆದರೆ ಲೋಕಲ್ ಹಿಡಿಯಲು ಹತ್ತಿರ ಇರುವುದು ಹಾರ್ಬರ್ ಲೈನಿನ ತಿಲಕ್ ನಗರ. ಲಗೇಜ್ ಇದ್ದರೆ ಸೀದಾ ಟ್ಯಾಕ್ಸಿ ಮಾಡಿ. ಆಟೋದವರು ದಾದರ್‌ಗೆ ಬರುವುದಿಲ್ಲ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಪರ್ಮಿಟ್ ಇಲ್ಲ. ಒಂದು ಕಡೆ ಬಾಂದ್ರಾ, ಇನ್ನೊಂದು ಕಡೆ ಸಾಯನ್, ಅದರಿಂದ ದಕ್ಷಿಣಕ್ಕೆ ಆಟೋ ಓಡುವ ಹಾಗಿಲ್ಲ. ಕರಿ ಹಳದಿ ಟ್ಯಾಕ್ಸಿ ಮಾತ್ರ. 2025ರ ಫೆಬ್ರುವರಿಯಿಂದ ಟ್ಯಾಕ್ಸಿಗೆ ಕನಿಷ್ಠ 31 ರೂಪಾಯಿ, ಆಟೋಗೆ 26. ಮೀಟರ್ ಹಾಕಲು ಹೇಳಿದರೆ ಸಾಮಾನ್ಯವಾಗಿ ಹಾಕುತ್ತಾರೆ. ಬೆಂಗಳೂರಿನವರಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ತಾರೀಕು ನೋಡಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವುದಾದರೆ ಒಳ್ಳೆಯ ಜಾಗದ ಲೆಕ್ಕವೇ ಬದಲಾಗುತ್ತದೆ. ನಾನು ಹೊಗಳಿದ ದಾದರ್ ಈಸ್ಟ್‌ನಲ್ಲೇ ಹಿಂದಮಾತಾ ಅನ್ನುವ ತಗ್ಗು ಇದೆ. ಜೋರು ಮಳೆ ಬಂದರೆ ಟಿವಿಯಲ್ಲಿ ಮೊದಲು ತೋರಿಸುವುದು ಅದನ್ನೇ. ಕಿಂಗ್ಸ್ ಸರ್ಕಲ್ ಹತ್ತಿರದ ಗಾಂಧಿ ಮಾರ್ಕೆಟ್, ಸಾಯನ್, ಅಂಧೇರಿ ಸಬ್‌ವೇ ಕೂಡ ನೀರು ನಿಲ್ಲುವ ಜಾಗಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಅಂಥದ್ದು ಮತ್ತೆ ಮತ್ತೆ ಬರುವುದಿಲ್ಲ, ಆದರೆ ಮೊಣಕಾಲುದ್ದ ನೀರು ಪ್ರತಿ ವರ್ಷದ ಮಾತು. ಮಳೆಗಾಲಕ್ಕೆ ನೆಲಮಹಡಿಯ ರೂಮ್ ಬೇಡ. ‘ಮಳೆ ಬಂದಾಗ ಹೋಟೆಲ್ ಮುಂದೆ ನೀರು ನಿಲ್ಲುತ್ತಾ?’ ಅಂತ ನೇರವಾಗಿ ಕೇಳಿ. ಅವರು ಇಲ್ಲ ಅನ್ನುತ್ತಾರೆ. ಆಗ ರಿವ್ಯೂಗಳಲ್ಲಿ ಜುಲೈ, ಆಗಸ್ಟಿನವನ್ನು ಹುಡುಕಿ ಓದಿ.

ಡಿಸೆಂಬರ್ 6ರ ಆಸುಪಾಸು ದಾದರ್‌ಗೆ ಲಕ್ಷಾಂತರ ಜನ ಬರುತ್ತಾರೆ, ಅದು ಅಂಬೇಡ್ಕರ್ ತೀರಿಕೊಂಡ ದಿನ, ಅವರ ಸ್ಮಾರಕ ಚೈತ್ಯಭೂಮಿ ಇರುವುದು ಅಲ್ಲಿ. ಗಣೇಶನ ಹಬ್ಬದಲ್ಲಿ ಲಾಲ್‌ಬಾಗ್, ಪರೇಲ್ ಕಡೆ ಟ್ಯಾಕ್ಸಿ ಅಲುಗಾಡುವುದಿಲ್ಲ. ಆ ಸಡಗರ ನೋಡಲೆಂದೇ ಹೋಗುವುದಾದರೆ ಬಹಳ ಮುಂಚೆ ಬುಕ್ ಮಾಡಿ. ಸಿದ್ಧಿವಿನಾಯಕಕ್ಕೆ ಮಂಗಳವಾರ ಬಿಟ್ಟು ಹೋಗಿ. ಎಲಿಫೆಂಟಾ, ಕಾನ್ಹೇರಿ ಎರಡೂ ಗುಹೆಗಳಿಗೆ ಸೋಮವಾರ ರಜೆ. ಭಾನುವಾರ ಹಳಿ ರಿಪೇರಿಗೆ ‘ಮೆಗಾ ಬ್ಲಾಕ್’ ಅಂತ ಹಗಲು ಹೊತ್ತು ಲೋಕಲ್ ಕಡಿಮೆ ಮಾಡುತ್ತಾರೆ. ಎರಡು ಲೈನ್ ಕೈಗೆಟಕುವ ಜಾಗದಲ್ಲಿದ್ದರೆ ಒಂದು ನಿಂತರೆ ಇನ್ನೊಂದು.

ಬುಕ್ ಮಾಡುವ ಮುನ್ನ ಒಂದು ಫೋನ್

ಏರಿಯಾ ಗೊತ್ತಾದ ಮೇಲೆ ಆ್ಯಪ್ ತೆರೆದು ನಾಲ್ಕೈದು ಹೋಟೆಲ್ ಆರಿಸಿ. ಐದು ಸ್ಟಾರ್ ಕೊಟ್ಟವರ ಮಾತು ಬಿಡಿ, ಒಂದು ಸ್ಟಾರ್‌ನವರು ಯಾವುದೋ ಜಗಳದ ಸಿಟ್ಟಿನಲ್ಲಿರುತ್ತಾರೆ. ಮೂರು ಸ್ಟಾರ್ ಕೊಟ್ಟವರು ನಿಜ ಹೇಳುತ್ತಾರೆ. ‘ಸ್ಟಾಫ್ ಒಳ್ಳೆಯವರು, ಆದರೆ ಬಾತ್‌ರೂಮಿನಲ್ಲಿ ತಿರುಗಲು ಜಾಗ ಇಲ್ಲ’ ಅನ್ನುವಂಥವು. ಹೋಟೆಲಿನವರ ಫೋಟೋ ಬಿಟ್ಟು ಉಳಿದುಕೊಂಡವರು ಹಾಕಿದ ಫೋಟೋ ನೋಡಿ.

ಆಮೇಲೆ ಫೋನ್ ಮಾಡಿ. ಹಿಂದಿ ಸಾಕು. ಎಷ್ಟೋ ಕಡೆ ಎತ್ತಿದವರು ನಮ್ಮ ಉಡುಪಿ, ಕುಂದಾಪುರದವರೇ ಆಗಿರುತ್ತಾರೆ, ‘ಯಾವ ಊರು?’ ಅಂತ ಶುರುವಾದರೆ ಅರ್ಧ ಕೆಲಸ ಆದಂತೆ. ಕೇಳಬೇಕಾದ್ದು ಮುಖ್ಯವಾಗಿ ಕಿಟಕಿಯ ಬಗ್ಗೆ. ಮುಂಬೈನ ಅಗ್ಗದ ರೂಮುಗಳಲ್ಲಿ ಕಿಟಕಿ ಇರುವುದಿಲ್ಲ, ಇದ್ದರೂ ತೆರೆದರೆ ಎರಡಡಿ ದೂರದಲ್ಲಿ ಪಕ್ಕದ ಗೋಡೆ. ‘ಕಿಟಕಿ ಇದೆಯಾ?’ ಅಂತ ಕೇಳಿದರೆ ಇದೆ ಅನ್ನುತ್ತಾರೆ. ‘ಕಿಟಕಿಯಿಂದ ಏನು ಕಾಣುತ್ತದೆ?’ ಅಂತ ಕೇಳಿ. ಆಗ ಒಂದು ಕ್ಷಣ ಸುಮ್ಮನಾಗುತ್ತಾರೆ ನೋಡಿ, ಉತ್ತರ ಅದೇ.

ಚೆಕ್‌ಔಟ್ ಎಷ್ಟಕ್ಕೆ ಅಂತಲೂ ಕೇಳಿ. 24 ಗಂಟೆಯ ಲೆಕ್ಕ ಕೆಲವು ಕಡೆ, ಮಧ್ಯಾಹ್ನ 12 ಹಲವು ಕಡೆ, ಹಳೇ ಲಾಡ್ಜುಗಳಲ್ಲಿ ಬೆಳಗ್ಗೆ 9ಕ್ಕೇ ಬಾಗಿಲು ಬಡಿಯುವವರೂ ಇದ್ದಾರೆ. ನಮ್ಮ ರೈಲುಗಳು ಬೆಳಗ್ಗೆ ಮುಟ್ಟಿ ರಾತ್ರಿ ಹೊರಡುವಂಥವಾದರೆ ಈ ಒಂದು ಉತ್ತರದ ಮೇಲೆ ಒಂದು ದಿನದ ಬಾಡಿಗೆ ನಿಂತಿರುತ್ತದೆ. ತೆರಿಗೆ ಸೇರಿ ಎಷ್ಟು ಅಂತ ಕೇಳುವುದು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೊದಲು ಶೇ 12 ಇತ್ತು. ಈಗಲೂ ಹಳೇ ಲೆಕ್ಕ ಹೇಳಿದರೆ ಬಿಲ್ ತೋರಿಸಲು ಹೇಳಿ. ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕು, ಒಬ್ಬರದು ಸಾಲದು.

ಒಬ್ಬರೇ ಹೋಗಿ ಒಂದು ರಾತ್ರಿ ಕಳೆಯುವುದಾದರೆ ಇಷ್ಟೆಲ್ಲ ತಲೆಬಿಸಿ ಬೇಡ. ಮುಂಬೈ ಸೆಂಟ್ರಲ್ ಸ್ಟೇಷನ್ನಿನೊಳಗೇ 2021ರಲ್ಲಿ ಪಾಡ್ ಹೋಟೆಲ್ ಶುರುವಾಗಿದೆ. ಗೂಡಿನಂಥ ಹಾಸಿಗೆ, ಎಸಿ, ಸ್ನಾನಕ್ಕೆ ವ್ಯವಸ್ಥೆ. ಜೇನುಗೂಡಿನಲ್ಲಿ ಮಲಗಿದ ಹಾಗೆ ಅನ್ನಿಸಿದರೂ ಜಾಗದ ಮಟ್ಟಿಗೆ ಅದನ್ನು ಮೀರಿಸುವುದು ಕಷ್ಟ.

ಬುಕ್ ಆದ ಮೇಲೆ ವಿಳಾಸವನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅದರ ಜೊತೆ ಈಸ್ಟೋ ವೆಸ್ಟೋ, ಹತ್ತಿರದ ಗುರುತು ಯಾವುದು ಅಂತ ಬರೆದಿಡಿ. ಟ್ಯಾಕ್ಸಿಯವರಿಗೆ ಹೋಟೆಲಿನ ಹೆಸರು ಗೊತ್ತಿರುವುದಿಲ್ಲ, ದಾದರ್ ಈಸ್ಟ್‌ನ ಸರ್ಕಲ್ ಹೆಸರು ಹೇಳಿ ‘ದಾದರ್ ಟಿಟಿ ಹತ್ತಿರ’ ಅಂದರೆ ತಕ್ಷಣ ಗೊತ್ತಾಗುತ್ತದೆ.

ರೈಲು ಬೆಳಗ್ಗೆ ಆರಕ್ಕೆ ಮುಟ್ಟಿತು, ರೂಮ್ ಕೊಡುವುದು ಹನ್ನೆರಡಕ್ಕೆ ಅಂತಿಟ್ಟುಕೊಳ್ಳಿ. ಜಗಳ ಆಡಬೇಡಿ. ಬ್ಯಾಗು ರಿಸೆಪ್ಷನ್ನಿನಲ್ಲಿ ಇಟ್ಟು, ಮುಖ ತೊಳೆದು, ದಾದರ್‌ನ ಸೆಂಟ್ರಲ್ ಬದಿಯಿಂದ ಠಾಣೆ ಕಡೆಯ ಸ್ಲೋ ಲೋಕಲ್ ಹತ್ತಿ. ಟಿಕೆಟ್ 5 ರೂಪಾಯಿ, ಒಂದೇ ಸ್ಟೇಷನ್. ಆ ಹೊತ್ತಿಗೆ ಉತ್ತರಕ್ಕೆ ಹೋಗುವ ಗಾಡಿ ಖಾಲಿ ಇರುತ್ತದೆ. ಮಾಟುಂಗಾ ಈಸ್ಟ್‌ನಲ್ಲಿ ಇಳಿದರೆ ಮಲ್ಲಿಗೆ ಮಾರುವವರು ಆಗಷ್ಟೇ ಬುಟ್ಟಿ ಬಿಚ್ಚುತ್ತಿರುತ್ತಾರೆ. ಯಾವುದಾದರೊಂದು ಉಡುಪಿ ಹೋಟೆಲಿಗೆ ಹೋಗಿ ಕಾಫಿ ಹೇಳಿ. ಈ ಸಲ ತಿನ್ನುವ ಹೋಟೆಲ್.